ಲೆಕ್ಕ ಬಾರದ ಫ್ಯಾರಡೆ

ಗಣಿತದಲ್ಲಿ ಬ್ಯಾಕ್ ಉಳಿದ ಸೆಮಿಸ್ಟರ್‌ನಲ್ಲಿ, ಎಂಜಿನಿಯರಿಂಗ್ ನನ್ನ ಕೈಲಾಗದ್ದು ಎಂದೇ ಅನ್ನಿಸಿತ್ತು. ಆಗ ಓದಿದ್ದು ಮೈಕೆಲ್ ಫ್ಯಾರಡೆ ಅವರ ಬದುಕನ್ನು.

1791ರಲ್ಲಿ ಲಂಡನ್ ಸಮೀಪ ಕಮ್ಮಾರನ ಮಗನಾಗಿ ಹುಟ್ಟಿದ ಫ್ಯಾರಡೆ ಶಾಲೆಯಲ್ಲಿ ಕಲಿತದ್ದು ಓದು, ಬರಹ, ಅಷ್ಟಿಷ್ಟು ಲೆಕ್ಕ. ಹದಿನಾಲ್ಕಕ್ಕೇ ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿ ಸೇರಿದರು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿದರು. ವಿದ್ಯುತ್ತಿನ ಹುಚ್ಚು ಹತ್ತಿದ್ದು ಅಲ್ಲೇ. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಅವರ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಬೈಂಡ್ ಮಾಡಿ ಅವರಿಗೆ ಕಳುಹಿಸಿದರು. ಅವರ ರೆಸ್ಯೂಮೆ ಅದೇ! ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

ಕರೆಂಟ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲ್ಲಾಡುತ್ತದೆ ಎಂಬುದು 1820ರಲ್ಲೇ ಗೊತ್ತಾಗಿತ್ತು. ಹಾಗಾದರೆ ಅಯಸ್ಕಾಂತದಿಂದ ಕರೆಂಟ್ ಹುಟ್ಟಿಸಬಹುದೇ? ಈ ಪ್ರಶ್ನೆ ಫ್ಯಾರಡೆಯನ್ನು ವರ್ಷಗಟ್ಟಲೆ ಕಾಡಿತು. 1831ರಲ್ಲಿ ಗುಟ್ಟು ಬಯಲಾಯಿತು: ತಂತಿಯ ಸುರುಳಿಯೊಳಗೆ ಅಯಸ್ಕಾಂತ ಚಲಿಸುವಾಗ ಮಾತ್ರ ಕರೆಂಟ್ ಹುಟ್ಟುತ್ತದೆ, ಅದು ನಿಂತರೆ ಕರೆಂಟೂ ನಿಲ್ಲುತ್ತದೆ. ಜಲವಿದ್ಯುತ್ ಕೇಂದ್ರದ ಜನರೇಟರ್ ಇಂದಿಗೂ ಕೆಲಸ ಮಾಡುವುದು ಇದೇ ತತ್ವದ ಮೇಲೆ.

ಉನ್ನತ ಗಣಿತ ಗೊತ್ತಿರದ ಅವರು, ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಮೂಡಿಸುವ ಗೆರೆಗಳನ್ನು ನೋಡುತ್ತಾ ಬಲರೇಖೆಗಳ ಕಲ್ಪನೆಯನ್ನು ಬೆಳೆಸಿದರು. ಅದನ್ನು ಸಮೀಕರಣಕ್ಕೆ ಇಳಿಸಿದವರು ಮ್ಯಾಕ್ಸ್‌ವೆಲ್. ಫ್ಯಾರಡೆ 1867ರಲ್ಲಿ ತೀರಿಕೊಂಡರು.

ಗಣಿತ ಬೇಡ ಎನ್ನುತ್ತಿಲ್ಲ. ಮ್ಯಾಕ್ಸ್‌ವೆಲ್ ಕೂಡ ಬೇಕೇ ಬೇಕು. ಆದರೆ ಈ ಸಲ ಪುಸ್ತಕ ತೆರೆಯುವ ಮೊದಲು ಲ್ಯಾಬ್‌ಗೆ ಹೋಗಿ, ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ನೋಡಿದೆ. ಗ್ಯಾಲ್ವನೋಮೀಟರ್ ಮುಳ್ಳು ಸರಿದಾಗ, ಬಾಯಿಪಾಠ ಮಾಡಿದ್ದ ಸೂತ್ರದ ಅರ್ಥ ಹೊಳೆಯಿತು. ಬ್ಯಾಕ್ ಪೇಪರ್ ಮುಂದಿನ ತಿಂಗಳಿದೆ. ಕುಳಿತು ಬರೆಯುವ ಧೈರ್ಯವಂತೂ ಬಂದಿದೆ.