ಸೇವಕರನ್ನು ಸಿದ್ಧಮಾಡಿದ ಮೋಗ್ಲಿಂಗ್ ಅಯ್ಯನವರು

ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯನ್ನು ಹೊರಡಿಸಿದವರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಆದರೆ ಈ ನಾಡಿನ ಕ್ರೈಸ್ತಸಭೆಯನ್ನು ಈ ನಾಡಿನವರೇ ನಡಿಸತಕ್ಕವರಾಗಬೇಕೆಂದು ಅವರು ಪಟ್ಟ ಶ್ರಮವನ್ನು ಬಲ್ಲವರು ಕಡಿಮೆ. ಆದಕಾರಣ ಅದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1811ನೆಯ ಇಸವಿಯಲ್ಲಿ ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೇವಜ್ಞಾನವನ್ನು ಕಲಿತು, ಬಾಸೆಲ್ ಮಿಶನ್ನಿನವರಿಂದ ಕಳುಹಿಸಲ್ಪಟ್ಟು 1836ರಲ್ಲಿ ಮಂಗಳೂರಿಗೆ ಬಂದರು. ಪರದೇಶದ ಬೋಧಕರು ಇಂದು ಬಂದು ನಾಳೆ ಹೋಗತಕ್ಕವರು; ಸಭೆಯು ಅವರನ್ನೇ ಆತುಕೊಂಡರೆ ಅವರೊಡನೆ ಬೀಳುವದು. ಇದನ್ನು ಮನಗಂಡು ಅವರು ಹುಡುಗರಿಗಾಗಿ ವಸತಿಶಾಲೆಯನ್ನು ಸ್ಥಾಪಿಸಿ, ತಾವೂ ಆ ಮಕ್ಕಳ ನಡುವೆಯೇ ವಾಸಮಾಡಿದರು. ಪಾಠವನ್ನು ಪುಸ್ತಕದಿಂದ ಕಲಿಸಬಹುದು; ಶಿಷ್ಯತ್ವವನ್ನು ನಡತೆಯಿಂದಲೇ ಕಲಿಸಬೇಕು. ಉಪದೇಶಿಗಳನ್ನು ತರಬೇತು ಮಾಡುವ ವಿದ್ಯಾಲಯವು 1847ರಲ್ಲಿ ಬಲ್ಮಠದಲ್ಲಿ ನೆಲೆಗೊಂಡಿತು. ಅದೇ ಇಂದಿನ ಕರ್ನಾಟಕ ತಿಯೋಲಾಜಿಕಲ್ ಕಾಲೇಜು.

1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿಣ್ಯರು ದೀಕ್ಷಾಸ್ನಾನ ಹೊಂದಿದಾಗ ಊರಲ್ಲಿ ಬಹು ಗದ್ದಲವಾಯಿತು. ಅವರು ಮನೆಮಂದಿಯನ್ನು ಅಗಲಬೇಕಾಯಿತು. ಮೋಗ್ಲಿಂಗರು 1846ರಲ್ಲಿ ಅವರನ್ನು ಬಾಸೆಲಿಗೆ ಕರೆದುಕೊಂಡು ಹೋದರು. 1851ರಲ್ಲಿ ಬೋಧಕದೀಕ್ಷೆ ಹೊಂದಿ ಹಿಂದಿರುಗಿದ ಕೌಂಡಿಣ್ಯರು ಮಂಗಳೂರಿನ ವಿದ್ಯಾಲಯದಲ್ಲಿಯೇ ಗುರುಗಳಾದರು. ಶಿಷ್ಯನು ಗುರುಪೀಠದಲ್ಲಿ ಕುಳಿತದ್ದೇ ಮೋಗ್ಲಿಂಗರ ಶ್ರಮದ ಫಲವು.

ಜನರ ನುಡಿಯನ್ನರಿಯದವನು ಜನರಿಗೆ ಬೋಧಿಸಲಾರನು. ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1848ರಿಂದ 1853ರ ವರೆಗೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದರು. 1858ರಲ್ಲಿ ಟ್ಯೂಬಿಂಗನ್ ವಿದ್ಯಾಪೀಠವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1853ರಿಂದ ಕೊಡಗಿನಲ್ಲಿ ಸೇವೆಮಾಡಿ, 1860ರಲ್ಲಿ ಪತ್ನಿಯ ಅಸ್ವಸ್ಥತೆಯ ನಿಮಿತ್ತ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗನ್ನಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅವರು ಹೋದರು, ಸಭೆಯು ಬೀಳಲಿಲ್ಲ.

ಅವರ ಸೇವಾಕ್ಷೇತ್ರವು ಮಂಗಳೂರು, ಕೊಡಗುಗಳ ಕಡೆಯದು. ನಮ್ಮ ಕಲಬುರಗಿಯು ಆಗ ನಿಜಾಮರ ಸೀಮೆಗೆ ಸೇರಿತ್ತು. ಆದರೂ ಅವರ ಪಾಠವು ನಮಗೂ ಸಲ್ಲುತ್ತದೆ. ಕಲಬುರಗಿಯಿಂದ ಕಮಲಾಪುರದ ವರೆಗಿನ ಹಳ್ಳಿಗಳ ಮನೆಮನೆಗೂ ಬೋಧಕರೊಬ್ಬರೇ ಹೋಗಲಾರರು. ರೋಗಿಯನ್ನು ಸಂತೈಸುವದೂ, ಮಕ್ಕಳಿಗೆ ವೇದಪಾಠ ಹೇಳುವದೂ, ಓದಲಾರದ ಅಜ್ಜಿಗೆ ಸತ್ಯವೇದವನ್ನು ಓದಿಹೇಳುವದೂ ಸಭೆಯವರೆಲ್ಲರ ಕೆಲಸವು. ಬಲ್ಮಠದ ಆ ವಿದ್ಯಾಲಯವು ಅಂದು ಗಂಡುಮಕ್ಕಳಿಗೆ ಮಾತ್ರವೇ ಇತ್ತು. ಅಲ್ಲಿ ಬರಿದಾಗಿದ್ದ ಸ್ಥಳವನ್ನು ತುಂಬಬೇಕಾದವರು ನಮ್ಮ ಹೆಣ್ಣುಮಕ್ಕಳು. ಪಾಲಕರೇ, ನಿಮ್ಮ ಮಗಳು ಸಭೆಯಲ್ಲಿ ಸೇವೆಗೆ ಎದ್ದುನಿಂತಾಗ ಅವಳನ್ನು ತಡೆಯದಿರಿ. ವಿದ್ಯಾರ್ಥಿನಿಯರೇ, ನೀವು ಕಲಿತದ್ದನ್ನು ಇನ್ನೊಬ್ಬಳಿಗೆ ಕಲಿಸಿರಿ. ಆಗ ನಮ್ಮ ಶ್ರಮವೂ ಸಾರ್ಥಕವಾಗುವದು.