ಆರು ವರ್ಷದ ತಲೆಗೆ ಕಿರೀಟದ ಭಾರ

ಬೇಸಿಗೆ ರಜೆ ಬಂತೆಂದರೆ ನಮ್ಮ ನಗರಗಳಲ್ಲಿ ಕ್ರಿಕೆಟ್, ಈಜು, ಟೆನಿಸ್, ಬ್ಯಾಡ್ಮಿಂಟನ್ ಶಿಬಿರಗಳ ಭರಾಟೆ ಆರಂಭವಾಗುತ್ತದೆ. ಮಕ್ಕಳು ಬೆವರು ಸುರಿಸಿ ಆಡಲಿ ಎಂಬ ಆಶಯದ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಶಿಬಿರಕ್ಕೆ ಸೇರಿಸಿದ ಮರುತಿಂಗಳೇ ಆ ಮಗುವಿನ ಶ್ರೇಯಾಂಕ ಎಷ್ಟು, ರಾಜ್ಯ ತಂಡಕ್ಕೆ ಆಯ್ಕೆ ಯಾವಾಗ ಎಂಬ ಲೆಕ್ಕಾಚಾರಕ್ಕೆ ಇಳಿಯುವ ತಂದೆ ತಾಯಂದಿರ ಸಂಖ್ಯೆ ಕಡಿಮೆಯೇನಲ್ಲ. ಮಕ್ಕಳನ್ನು ಸ್ಪರ್ಧೆಯ ಕಣಕ್ಕೆ ದೂಡುವುದು ಹೆತ್ತವರ ಕರ್ತವ್ಯವೇ, ಹಕ್ಕೇ ಅಥವಾ ಅತಿಯಾಸೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಮನಶ್ಶಾಸ್ತ್ರದ ಗ್ರಂಥಗಳಿಗೇ ಮೊರೆಹೋಗಬೇಕೆಂದಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯವನ್ನು ಹೊಕ್ಕರೆ, ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ಪ್ರತಿಮೆ ಎದುರಾಗುತ್ತದೆ. ದಿಗ್ವಿಜಯಗಳಿಗಾಗಿ, ಕಾವ್ಯಪ್ರೀತಿಗಾಗಿ, ದೇವಾಲಯಗಳಿಗಾಗಿ ನಾವು ಅವನನ್ನು ನೆನೆಯುತ್ತೇವೆ. ಅವನೊಬ್ಬ ತಂದೆಯೂ ಆಗಿದ್ದ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಈ ಪ್ರಶ್ನೆಯ ಮಟ್ಟಿಗೆ ಅವನ ಬದುಕಿನಿಂದ ಕಲಿಯಬೇಕಾದ್ದು ಇರುವುದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಕೃಷ್ಣದೇವರಾಯ ತುಳುವ ನರಸನಾಯಕನ ಮಗ; ತಾಯಿ ನಾಗಲಾಂಬಿಕೆ. ನರಸನಾಯಕನ ನಂತರ ಅಧಿಕಾರ ಹಿಡಿದವನು ಹಿರಿಯ ಮಗ ವೀರನರಸಿಂಹ. ಇವನ ಅಂತ್ಯಕಾಲದ ಬಗ್ಗೆ, 1535ರ ಸುಮಾರಿಗೆ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಕಥೆ ಹೇಳುತ್ತಾನೆ. ತನ್ನ ಎಂಟು ವರ್ಷದ ಮಗನೇ ಪಟ್ಟಕ್ಕೆ ಬರಬೇಕೆಂದು ಬಯಸಿದ ವೀರನರಸಿಂಹ, ಅಡ್ಡಿಯಾಗಬಹುದಾದ ತಮ್ಮ ಕೃಷ್ಣನ ಕಣ್ಣು ಕೀಳಿಸಿ ತಂದು ತೋರಿಸುವಂತೆ ಮಂತ್ರಿ ಸಾಳುವ ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ತಿಮ್ಮರಸ ಮೇಕೆಯ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣನನ್ನು ಉಳಿಸಿದನಂತೆ. ಇದು ನಡೆದ ಸಂಗತಿಯೋ, ಪೇಟೆಯಲ್ಲಿ ಕೇಳಿದ ಮಾತೋ, ಅಂತೂ ಆ ಕಾಲದ ಜನ ನಂಬಿದ ಕಥೆ. ಸ್ವಂತ ಮಗನನ್ನು ಮುಂದೆ ತರುವ ಆತುರದಲ್ಲಿ ತಂದೆಯೊಬ್ಬ ಎಷ್ಟು ದೂರ ಹೋಗಬಲ್ಲ ಎಂಬುದು ಅವರಿಗೆ ಅಪರಿಚಿತವಾಗಿರಲಿಲ್ಲ. ಹೀಗೆ 1509ರಲ್ಲಿ ಸಿಂಹಾಸನ ಏರಿದ ಕೃಷ್ಣದೇವರಾಯ ಬೆಳೆದು ನಿಂತ ಗಂಡಸಾಗಿದ್ದ. ಎಂಟು ವರ್ಷದ ಬಾಲಕನಿಗೆ ಬದಲಾಗಿ ಪಕ್ವ ವಯಸ್ಸಿನವನೊಬ್ಬ ಪಟ್ಟಕ್ಕೆ ಬಂದದ್ದೇ ರಾಜ್ಯದ ಭಾಗ್ಯವಾಯಿತು.

ಅವನ ದಿನಚರಿಯ ವಿವರ ನಮಗೆ ದೊರೆಯುವುದು 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ನ ಬರಹದಿಂದ. ಪಾಯೆಸ್ ಕಂಡ ಅರಸ ಮಧ್ಯಮ ಎತ್ತರದ, ತುಸು ತುಂಬಿದ ಮೈಕಟ್ಟಿನ, ಮುಖದ ಮೇಲೆ ಸಿಡುಬಿನ ಕಲೆಗಳಿದ್ದ ವ್ಯಕ್ತಿ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ; ಅದೇ ಎಣ್ಣೆಯನ್ನು ಮೈಗೆಲ್ಲ ಬಳಿಸಿಕೊಂಡು, ಚಿಕ್ಕ ಬಟ್ಟೆ ಸುತ್ತಿಕೊಂಡು, ಮಣ್ಣಿನಿಂದ ಮಾಡಿದ ಭಾರದ ಗುಂಡುಗಳನ್ನು ಎತ್ತುತ್ತಿದ್ದ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿವರಸೆ. ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ. ಕೊನೆಗೆ ನಸುಕಿನವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಸ್ನಾನ, ಪೂಜೆ, ರಾಜಕಾರ್ಯ ಎಲ್ಲವೂ ಇದಾದ ನಂತರವೇ. ಇಲ್ಲಿ ಪ್ರೇಕ್ಷಕರಿಲ್ಲ, ಬಹುಮಾನವಿಲ್ಲ, ಗೆದ್ದವನ ಹೆಸರು ಕೂಗುವವರಿಲ್ಲ. ಇದು ಪ್ರತಿದಿನದ ಸಾಧನೆ. ಮನುಷ್ಯ ತನ್ನ ಮೈಯನ್ನು ತಾನೇ ಪಳಗಿಸಿಕೊಳ್ಳುವ ಬಗೆ.

ಸ್ಪರ್ಧೆ ಇರಲಿಲ್ಲವೆಂದಲ್ಲ. ಮಹಾನವಮಿಯ ದಿನಗಳಲ್ಲಿ ಅರಸನ ಸಮ್ಮುಖದಲ್ಲಿ ಜಟ್ಟಿಕಾಳಗ ನಡೆಯುತ್ತಿತ್ತು. ಕಮಲಾಪುರದಿಂದ ಅನತಿ ದೂರದಲ್ಲಿರುವ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಬೇಟೆಗಾರರು, ನರ್ತಕಿಯರು, ಕುದುರೆಗಳ ಜೊತೆಗೆ ಪಟ್ಟು ಹಾಕಿ ನಿಂತ ಜಟ್ಟಿಗಳನ್ನೂ ಇಂದಿಗೂ ಕಾಣಬಹುದು. ಆ ಕಾಳಗ ಎಷ್ಟು ಉಗ್ರವಾಗಿರುತ್ತಿತ್ತೆಂದರೆ ಹಲ್ಲು ಮುರಿದು, ಕಣ್ಣಿಗೆ ಪೆಟ್ಟಾಗಿ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದು ಪಾಯೆಸ್ ದಾಖಲಿಸಿದ್ದಾನೆ. ಆದರೆ ಅದೇ ವಿವರಣೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಕಣದಲ್ಲಿ ತೀರ್ಪುಗಾರರಿದ್ದರು, ಎದುರಾಳಿಗಳಿಬ್ಬರನ್ನೂ ಸಮಬಲದ ನೆಲೆಯಲ್ಲಿ ನಿಲ್ಲಿಸುವುದು ಹಾಗೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಧರಿಸುವುದು ಅವರ ಹೊಣೆಯಾಗಿತ್ತು. ನಮ್ಮ ಗರಡಿಮನೆಗಳ ಉಸ್ತಾದರು ಜೋಡಿ ಕಟ್ಟುವಾಗ ಇಂದಿಗೂ ಪಾಲಿಸುವ ನಿಯಮ ಇದೇ. ಹಂಪಿ ಉತ್ಸವದಲ್ಲಿ ನಡೆಯುವ ಕುಸ್ತಿಯಲ್ಲೂ ತೂಕ ನೋಡಿಯೇ ಪೈಲ್ವಾನರನ್ನು ಅಖಾಡಕ್ಕೆ ಇಳಿಸುತ್ತಾರೆ. ಯಾರು ಯಾವಾಗ ಯಾರ ಎದುರು ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ವಿವೇಕವಿಲ್ಲದೆ ಸ್ಪರ್ಧೆಯೇ ಇಲ್ಲ.

ಹೀಗೆ ಪಳಗಿದ ದೇಹ ಮತ್ತು ಮನಸ್ಸು ಅರಸನ ಕೈಬಿಡಲಿಲ್ಲ. ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿದ. ಉದಯಗಿರಿ, ಕೊಂಡವೀಡು ದುರ್ಗಗಳನ್ನು ಗಜಪತಿಗಳಿಂದ ಗೆದ್ದ. 1520ರ ರಾಯಚೂರಿನ ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನ ಫಿರಂಗಿಗಳ ಹೊಡೆತಕ್ಕೆ ಮುಂಪಡೆ ಚದುರಿದಾಗ, ತಾನು ಸತ್ತರೆ ರಾಣಿಯರಿಗೆ ತೋರಿಸಲೆಂದು ಬೆರಳಿನ ಉಂಗುರವನ್ನು ಸೇವಕನ ಕೈಗಿತ್ತು, ಸ್ವತಃ ಕುದುರೆ ಏರಿ ಉಳಿದ ಸೈನ್ಯವನ್ನು ಮುನ್ನಡೆಸಿದನೆಂದು ನೂನಿಜ್ ಬರೆದಿದ್ದಾನೆ. ಆ ಗಳಿಗೆಯ ಧೈರ್ಯದ ಹಿಂದೆ ಎಷ್ಟೋ ವರ್ಷಗಳ ನಸುಕಿನ ಬೆವರಿತ್ತು.

ಇಂಥ ಅರಸನೇ ಮಗನ ವಿಷಯದಲ್ಲಿ ಬೇರೆ ದಾರಿ ಹಿಡಿದ. ರಾಣಿ ತಿರುಮಲದೇವಿಯಲ್ಲಿ ಹುಟ್ಟಿದ ತಿರುಮಲರಾಯನಿಗೆ ಆಗ ಆರು ವರ್ಷ. ತಾನು ಬದುಕಿರುವಾಗಲೇ ಮಗನನ್ನು ಸಿಂಹಾಸನದ ಮೇಲೆ ಕಾಣಬೇಕೆಂಬ ಹಂಬಲದಿಂದ 1524ರಲ್ಲಿ ಅವನಿಗೆ ಪಟ್ಟ ಕಟ್ಟಿದ. ಬಾಲಕನ ಹೆಸರಿನಲ್ಲಿ ಶಾಸನಗಳೂ ಹೊರಟವು. ತಂದೆ ತಾನೇ ಮಂತ್ರಿಯ ಸ್ಥಾನಕ್ಕೆ ಇಳಿದು, ಮಗುವಿಗೆ ಎಲ್ಲರೆದುರು ನಮಸ್ಕರಿಸಿದನಂತೆ. ಎಂಟು ತಿಂಗಳ ಕಾಲ ಉತ್ಸವಗಳು ನಡೆದವು. ಆ ಉತ್ಸವಗಳ ನಡುವೆಯೇ ಮಗು ಕಾಯಿಲೆ ಬಿದ್ದು ತೀರಿಕೊಂಡಿತು.

ಮುಂದಿನದು ಇನ್ನೂ ದಾರುಣ. ಮಗನಿಗೆ ವಿಷವಿಕ್ಕಲಾಯಿತೆಂಬ ಮಾತು ಅರಸನ ಕಿವಿಗೆ ಬಿತ್ತು. ಸಂಶಯ ತಿಮ್ಮರಸನ ಮನೆತನದ ಮೇಲೆ ತಿರುಗಿತು. ಜನಪದ ಅಪ್ಪಾಜಿ ಎಂದೇ ಕರೆಯುವ ಆ ವೃದ್ಧ ಮಂತ್ರಿಯನ್ನು ಮಕ್ಕಳ ಸಮೇತ ಸೆರೆಗೆ ತಳ್ಳಿ ಕಣ್ಣು ಕೀಳಿಸಿದನೆಂದು ನೂನಿಜ್ ಹೇಳುತ್ತಾನೆ. ಅವನ ಎರಡೂ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಕೃಷ್ಣದೇವರಾಯನ ಕಣ್ಣುಗಳನ್ನು ಉಳಿಸಿದವನು ತನ್ನ ಕಣ್ಣುಗಳನ್ನು ಕಳೆದುಕೊಂಡದ್ದು ಅದೇ ಅರಸನ ಆಜ್ಞೆಯಿಂದ. ವಿಷದ ಆರೋಪವನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ಪಟ್ಟಾಭಿಷೇಕದ ಮೊದಲು ಆ ಮಗು ಯಾರಿಗೂ ಎದುರಾಳಿಯಾಗಿರಲಿಲ್ಲ. ಕಿರೀಟ ತಲೆಗೇರಿದ ದಿನದಿಂದ ಅಧಿಕಾರದ ಕಣದಲ್ಲಿದ್ದ ಪ್ರತಿಯೊಬ್ಬ ವಯಸ್ಕನಿಗೂ ಅದು ಎದುರಾಳಿಯಾಯಿತು. ಮಹಾನವಮಿಯ ಕಣದಲ್ಲಿ ಸಮಬಲವಿಲ್ಲದ ಜೋಡಿ ಕಟ್ಟಲು ಒಪ್ಪದ ವ್ಯವಸ್ಥೆ, ಅರಮನೆಯ ಕಣದಲ್ಲಿ ಆರು ವರ್ಷದವನನ್ನು ನಿಲ್ಲಿಸಿತು.

ಈ ಬದುಕಿನ ಕೊನೆಯ ಅಧ್ಯಾಯ ನನಗೆ ಬಹಳ ಮುಖ್ಯವೆನಿಸುತ್ತದೆ. ಕೃಷ್ಣದೇವರಾಯ ತೀರಿಕೊಂಡದ್ದು 1529ರ ಅಕ್ಟೋಬರ್ 17ರಂದು ಎಂಬುದನ್ನು ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನ ತಿಳಿಸುತ್ತದೆ. 2022ರಲ್ಲಿ ಅದು ಬೆಳಕಿಗೆ ಬಂತು. ಆಗ ಅವನಿಗೆ ಹದಿನೆಂಟು ತಿಂಗಳ ಇನ್ನೊಬ್ಬ ಮಗನಿದ್ದ. ಆದರೂ ಸಿಂಹಾಸನವನ್ನು ಆ ಹಸುಳೆಗೆ ಬಿಡಲಿಲ್ಲ. ಪಟ್ಟಕ್ಕೆ ತಕ್ಕ ವಯಸ್ಸಿನ ಮಗ ತನಗಿಲ್ಲವೆಂಬುದನ್ನು ಕಾರಣವಾಗಿಟ್ಟುಕೊಂಡು, ಚಂದ್ರಗಿರಿಯಲ್ಲಿ ತಾನೇ ಇರಿಸಿದ್ದ ತಮ್ಮ ಅಚ್ಯುತರಾಯನನ್ನು ಉತ್ತರಾಧಿಕಾರಿಯಾಗಿ ಆರಿಸಿದ. ಮೊದಲ ಮಗನ ವಿಷಯದಲ್ಲಿ ಕೇಳದ ಪ್ರಶ್ನೆಯನ್ನು ಎರಡನೆಯ ಮಗನ ವಿಷಯದಲ್ಲಿ ಕೇಳಿದ: ಈ ಮಗು ಇದಕ್ಕೆ ಸಿದ್ಧವಾಗಿದೆಯೇ? ಆ ವಿವೇಕಕ್ಕೆ ಅವನು ತೆತ್ತ ಬೆಲೆ ಬಹಳ ದೊಡ್ಡದು. ನಂತರದವರು ಅದನ್ನೂ ಉಳಿಸಿಕೊಳ್ಳಲಿಲ್ಲ. 1542ರಲ್ಲಿ ಅಚ್ಯುತರಾಯ ತೀರಿಕೊಂಡಾಗ ಅವನ ಎಳೆಯ ಮಗ ವೆಂಕಟನಿಗೆ ಪಟ್ಟವಾಯಿತು. ಕೆಲವೇ ಕಾಲದಲ್ಲಿ ಸೋದರಮಾವ ಸಲಕರಾಜು ತಿರುಮಲನಿಂದಲೇ ಆ ಬಾಲಕ ಹತನಾದ.

ಸಿಂಹಾಸನಕ್ಕೂ ಶಾಲಾ ಮೈದಾನಕ್ಕೂ ಎಲ್ಲಿಯ ಸಂಬಂಧ ಎಂದು ಓದುಗರು ಕೇಳಬಹುದು. ಆಟದಲ್ಲಿ ಪ್ರಾಣಭಯವಿಲ್ಲ, ನಿಜ. ಆದರೆ ತಂದೆಯ ಕನಸನ್ನು ಮಗುವಿನ ಹೆಗಲ ಮೇಲಿಡುವ ಆತುರ ಎರಡೂ ಕಡೆ ಒಂದೇ. ಸರ್ಕಾರಿ ಸೇವೆಯಲ್ಲಿದ್ದಾಗ ಕ್ರೀಡಾಕೂಟಗಳ ಬಹುಮಾನ ವಿತರಣೆಗೆ ಹೋಗಬೇಕಾದ ಸಂದರ್ಭಗಳು ಬರುತ್ತಿದ್ದವು. ಎರಡನೆಯ ಸ್ಥಾನ ಪಡೆದ ಹತ್ತು ವರ್ಷದ ಮಗು ವೇದಿಕೆಯತ್ತ ಬರುವ ಮೊದಲು ಪ್ರೇಕ್ಷಕರ ಸಾಲಿನಲ್ಲಿದ್ದ ಅಪ್ಪನ ಮುಖವನ್ನು ಹೆದರಿ ನೋಡುವುದನ್ನು ಅನೇಕ ಬಾರಿ ಕಂಡಿದ್ದೇನೆ. ಗೆದ್ದ ಪದಕವೂ ಆ ಮಗುವಿಗೆ ಸೋಲಾಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಕಾಣುತ್ತದೆ. ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಬಹುಮಾನಗಳು ಬೆರಳೆಣಿಕೆಯಷ್ಟು; ಹೂಡಿಕೆ ಮಾಡುವವರು ಲಕ್ಷಾಂತರ. ಹೂಡುವುದು ತಂದೆಯ ಹಣವಾದರೂ ಖರ್ಚಾಗುವುದು ಮಗುವಿನ ಬಾಲ್ಯ. 2006ರಲ್ಲಿ ಒಡಿಶಾದ ನಾಲ್ಕು ವರ್ಷದ ಬಾಲಕನೊಬ್ಬನನ್ನು ಪುರಿಯಿಂದ ಭುವನೇಶ್ವರಕ್ಕೆ 65 ಕಿಲೋಮೀಟರ್ ಓಡಿಸಿದಾಗ ದೇಶ ಮೊದಲು ಚಪ್ಪಾಳೆ ತಟ್ಟಿತು, ನಂತರ ಬೆಚ್ಚಿತು. ಕೊನೆಗೆ ಸರ್ಕಾರವೇ ತಡೆಯಬೇಕಾಯಿತು. ಜಗತ್ತಿನ ಕ್ರೀಡಾಸಂಸ್ಥೆಗಳೂ ನಿಧಾನವಾಗಿ ಎಚ್ಚೆತ್ತಿವೆ. ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ಅಂತರರಾಷ್ಟ್ರೀಯ ಹಿರಿಯರ ಸ್ಪರ್ಧೆಗೆ 1997ರಿಂದ 16 ವರ್ಷದ ಮಿತಿ ಇದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಆ ಮಿತಿಯನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಲು 2022ರಲ್ಲಿ ನಿರ್ಧಾರವಾಯಿತು. ಎಳೆಯ ವಯಸ್ಸಿನಲ್ಲೇ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕುವುದರ ಅಪಾಯಗಳ ಬಗ್ಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2015ರಲ್ಲಿ ಎಚ್ಚರಿಸಿದ್ದಾರೆ.

ಹಾಗೆಂದು ಹೆತ್ತವರು ಕೈಕಟ್ಟಿ ಕೂರಬೇಕೆಂದು ನಾನು ವಾದಿಸುತ್ತಿಲ್ಲ. ಪ್ರಕಾಶ್ ಪಡುಕೋಣೆ ಅವರಿಗೆ ಬ್ಯಾಡ್ಮಿಂಟನ್ ಪರಿಚಯಿಸಿದವರು ಅವರ ತಂದೆ ರಮೇಶ್ ಪಡುಕೋಣೆ. ಏಳರ ವಯಸ್ಸಿನಲ್ಲಿ, 1962ರಲ್ಲಿ, ರಾಜ್ಯ ಕಿರಿಯರ ಟೂರ್ನಿ ಆಡಿದ ಪ್ರಕಾಶ್ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿ ಗೆದ್ದರು. 1980ರಲ್ಲಿ ಆಲ್ ಇಂಗ್ಲೆಂಡ್ ಕಿರೀಟ ಧರಿಸಿದರು. ಎಳೆಯ ವಯಸ್ಸಿನ ಸ್ಪರ್ಧೆಯೇ ತಪ್ಪು ಎನ್ನುವವರಿಗೆ ಇದು ಉತ್ತರ. ಆದರೆ ಇಲ್ಲಿ ಮಗು ತನ್ನ ಓರಗೆಯ ಕಿರಿಯರೊಡನೆ ಆಡಿತು, ಸೋಲಲು ಅದಕ್ಕೆ ಅವಕಾಶವಿತ್ತು, ಸೋತ ಮೇಲೆ ಮತ್ತೆ ಆಡುವ ಹುಮ್ಮಸ್ಸು ಉಳಿದಿತ್ತು. ಆರು ವರ್ಷದ ತಿರುಮಲರಾಯನಿಗೆ ಇವುಗಳಲ್ಲಿ ಒಂದೂ ದಕ್ಕಲಿಲ್ಲ.

ಆದ್ದರಿಂದ ಶಿಬಿರದ ಅರ್ಜಿ ತುಂಬುವ ಪೋಷಕರು ಕೃಷ್ಣದೇವರಾಯನ ದಿನಚರಿಯನ್ನು ಮೊದಲು ಮನೆಗೆ ತರಲಿ. ಮಕ್ಕಳು ಓಡಲಿ, ಈಜಲಿ, ಮಣ್ಣಿನಲ್ಲಿ ಹೊರಳಲಿ. ಸಾಧ್ಯವಾದರೆ ಹೆತ್ತವರೂ ಬೆಳಗ್ಗೆ ಎದ್ದು ಜೊತೆಗೂಡಲಿ. ಹತ್ತು ಹನ್ನೆರಡು ವರ್ಷದವರೆಗೆ ಹಲವು ಆಟಗಳ ರುಚಿ ನೋಡಲಿ. ಸ್ಪರ್ಧೆಗೆ ಇಳಿಯುವ ಇಚ್ಛೆ ಮಗುವಿನಿಂದಲೇ ಬಂದಾಗ, ಜೋಡಿ ಸಮವಾಗಿದೆಯೇ ಎಂದು ನೋಡುವ ತೀರ್ಪುಗಾರರಾಗಿ ನಾವು ನಿಲ್ಲೋಣ. ಬೇಡವೆಂದು ಮಗು ಹೇಳಿದ ದಿನ, ಕಟ್ಟಿದ ಶುಲ್ಕದ ಲೆಕ್ಕ ಹೇಳದೆ, ಅದರ ಕೈಹಿಡಿದು ಮನೆಗೆ ಕರೆತರುವ ಮನಸ್ಸೂ ನಮಗಿರಲಿ.