ಸೊನ್ನೆಯಾದರೆ ಏನು, ಋಣವಾದರೆ ಏನು?

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಎಂಬ ಊರಿದೆ. ಒಂಬತ್ತನೆಯ ಶತಮಾನದಲ್ಲಿ ಇದರ ಹೆಸರು ಮಾನ್ಯಖೇಟ. ಆಗ ಇದು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಇಲ್ಲಿಂದ ಅರವತ್ತಕ್ಕೂ ಹೆಚ್ಚು ವರ್ಷ ರಾಜ್ಯವಾಳಿದನು. ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿಯೇ. ಅದೇ ಕಾಲದಲ್ಲಿ ಬಾಳಿದ ಜೈನ ವಿದ್ವಾಂಸರು ಗಣಿತಜ್ಞ ಮಹಾವೀರಾಚಾರ್ಯರು. ಜೈನ ತೀರ್ಥಂಕರ ವರ್ಧಮಾನ ಮಹಾವೀರರು ಬೇರೆ, ಇವರು ಬೇರೆ.

ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದರು. ಅದರ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾರೆ. ವ್ಯಾಪಾರ, ಸಂಗೀತ, ವೈದ್ಯ, ಮನೆ ಕಟ್ಟುವ ಕೆಲಸ, ಕೊನೆಗೆ ಅಡುಗೆಗೂ ಗಣಿತ ಬೇಕು ಎಂದಿದ್ದಾರೆ. ಅದುವರೆಗೆ ಗಣಿತ ಹೆಚ್ಚಾಗಿ ಖಗೋಳ ಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಇವರದು ಗಣಿತಕ್ಕಾಗಿಯೇ ಮೀಸಲಾದ ಪುಸ್ತಕ. ಹರಿದುಹೋದ ಹಾರದ ಮುತ್ತುಗಳು, ದುಂಬಿಗಳು, ಮಾವಿನ ಹಣ್ಣುಗಳು ಇದರ ಲೆಕ್ಕಗಳಲ್ಲಿ ಬರುತ್ತವೆ. ನಮ್ಮ ಪಠ್ಯಪುಸ್ತಕಗಳಿಗಿಂತ ಅವು ಎಷ್ಟೋ ರಸವತ್ತಾಗಿವೆ!

ಲೆಕ್ಕ ಮಾಡುವ ಮೊದಲು ಸಂಖ್ಯೆಯ ಸ್ವಭಾವವನ್ನು ನೋಡುವುದು ಈ ಗ್ರಂಥದ ಒಂದು ವಿಶೇಷ. ಗುಣಾಕಾರಕ್ಕೆ ಅವರು ಹೇಳಿದ ನಿಯಮಗಳನ್ನು ಹೀಗೆ ಜೋಡಿಸಬಹುದು:

ಎರಡರಲ್ಲಿ ಒಂದು ಸೊನ್ನೆಯಾಗಿದ್ದರೆ, ಉತ್ತರ ಸೊನ್ನೆ.
ಹಾಗಿಲ್ಲದೆ ಎರಡರ ಚಿಹ್ನೆಯೂ ಒಂದೇ ಆಗಿದ್ದರೆ, ಉತ್ತರ ಧನ.
ಅದೂ ಇಲ್ಲದಿದ್ದರೆ, ಉತ್ತರ ಋಣ.

ಮಕ್ಕಳೇ, ಇಂದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಮಾಡುವುದೂ ಇದನ್ನೇ. ‘ಹೀಗಿದ್ದರೆ ಇದನ್ನು ಮಾಡು’ ಎಂಬುದಕ್ಕೆ ‘ಇಫ್’, ‘ಇಲ್ಲದಿದ್ದರೆ ಅದನ್ನು ಮಾಡು’ ಎಂಬುದಕ್ಕೆ ‘ಎಲ್ಸ್’ ಎಂಬ ಪದಗಳನ್ನು ಬಳಸುತ್ತಾರೆ. ಇಂಥ ವಾಕ್ಯಕ್ಕೆ ಷರತ್ತಿನ ಹೇಳಿಕೆ ಎಂದು ಹೆಸರು.

ವರ್ಗಮೂಲದ ನಿಯಮ ಇನ್ನೂ ಸೊಗಸಾದುದು. 3ರ ವರ್ಗ 9. ಋಣ 3ರ ವರ್ಗವೂ 9. ಹಾಗಾದರೆ ಋಣ 9 ಯಾವ ಸಂಖ್ಯೆಯ ವರ್ಗ? ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ತೀರ್ಮಾನಿಸಿದರು. (ಅಂಥ ವರ್ಗಮೂಲಗಳಿಗಾಗಿಯೇ ಬೇರೆ ಬಗೆಯ ಸಂಖ್ಯೆಗಳು ಬಂದದ್ದು ಏಳು ಶತಮಾನಗಳ ನಂತರ, ಯೂರೋಪಿನಲ್ಲಿ.)

ಜಾವಾ, ಪೈಥಾನ್‌ನಂಥ ಭಾಷೆಗಳಲ್ಲಿ ‘ಆಬ್ಜೆಕ್ಟ್’ಗಳನ್ನು ಬಳಸಿ ಪ್ರೋಗ್ರಾಂ ಬರೆಯುತ್ತಾರೆ. ಆಬ್ಜೆಕ್ಟ್ ಎಂದರೆ ತನ್ನ ಮಾಹಿತಿಯನ್ನೂ ತಾನು ಮಾಡಬಲ್ಲ ಕೆಲಸಗಳನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಒಂದು ಘಟಕ. ‘ಸಂಖ್ಯೆ’ ಎಂಬ ಬಗೆಯ ಎರಡು ಆಬ್ಜೆಕ್ಟ್‌ಗಳಿವೆ ಎನ್ನಿ. ಒಂದರ ಬೆಲೆ 9, ಇನ್ನೊಂದರದು ಋಣ 9. ಎರಡಕ್ಕೂ ‘ನಿನ್ನ ವರ್ಗಮೂಲ ಕೊಡು’ ಎಂದು ಕೇಳಿದರೆ, ಎರಡೂ ಒಂದೇ ಇಫ್ ವಾಕ್ಯವನ್ನು ಓದುತ್ತವೆ: ನನ್ನ ಬೆಲೆ ಸೊನ್ನೆಗಿಂತ ಕಡಿಮೆಯೇ? ಮೊದಲನೆಯದು 3 ಎನ್ನುತ್ತದೆ. ಎರಡನೆಯದು ಇಲ್ಲ ಎನ್ನುತ್ತದೆ. ವಾಕ್ಯ ಒಂದೇ ಆದರೂ ಅವುಗಳ ಸ್ವಭಾವ ಬೇರೆ.

ಆದರೆ ಒಂದು ಕಡೆ ಮಹಾವೀರಾಚಾರ್ಯರು ಎಡವಿದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು. ಅಬ್ಬಿಗೆರೆಯ ಒಂದು ಶಾಲೆಯಲ್ಲಿ 60 ಬಾಳೆಹಣ್ಣುಗಳಿವೆ ಎಂದುಕೊಳ್ಳಿ. 30 ಮಕ್ಕಳು ಬಂದರೆ ತಲಾ ಎರಡು. ರಜೆಯ ದಿನ ಒಬ್ಬರೂ ಬರದಿದ್ದರೆ ತಲಾ ಎಷ್ಟು? ಅರವತ್ತು ಎನ್ನಲಾಗದು. ಆ ಪ್ರಶ್ನೆಗೆ ಅರ್ಥವೇ ಇಲ್ಲ. ಮುಂದೆ 1150ರಲ್ಲಿ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ಸಂಖ್ಯೆಯನ್ನು ಅನಂತವೆಂದು ಭಾವಿಸಿದರು. ಇಂದಿನ ಗಣಿತ ಅಂಥ ಭಾಗಾಕಾರವನ್ನು ಒಪ್ಪುವುದೇ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 1997ರಲ್ಲಿ ಅಮೆರಿಕದ ಯಾರ್ಕ್‌ಟೌನ್ ಎಂಬ ಯುದ್ಧನೌಕೆಯ ಕಂಪ್ಯೂಟರಿಗೆ ಸಿಬ್ಬಂದಿಯೊಬ್ಬರು ಸೊನ್ನೆಯನ್ನು ತುಂಬಿದರು. ಪ್ರೋಗ್ರಾಂ ಅದರಿಂದ ಭಾಗಿಸಲು ಹೊರಟಿತು. ಕಂಪ್ಯೂಟರುಗಳು ಕೈಕೊಟ್ಟವು. ಹಡಗು ಕೆಲವು ಗಂಟೆ ಕಡಲಿನಲ್ಲೇ ನಿಂತುಬಿಟ್ಟಿತು. ಭಾಜಕ ಸೊನ್ನೆಯಾಗಿದ್ದರೆ ಭಾಗಿಸಬೇಡ ಎಂಬ ಒಂದು ಇಫ್ ಅಲ್ಲಿ ಇರಬೇಕಾಗಿತ್ತು.

ಮಹಾವೀರಾಚಾರ್ಯರ ಗ್ರಂಥ ದಕ್ಷಿಣ ಭಾರತದಲ್ಲಿ ಬಹುಕಾಲ ಓದಿಸಿಕೊಂಡಿತು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅದನ್ನು ಅಚ್ಚು ಮಾಡಿಸಿದರು. ಹೊಂಬುಜದಿಂದ 2000ದಲ್ಲಿ ಕನ್ನಡ ಅನುವಾದವೂ ಹೊರಬಂದಿದೆ.